ಹಂಡೆಯ ಮೇಲಿನ ‘ಮ. ಮಾ.’

ಮೊನ್ನೆ ಮೊಮ್ಮಗಳ ಮದುವೆಗೆ ಪಾತ್ರೆಗಳ ಪಟ್ಟಿ ಬರೆಯುತ್ತಿದ್ದೆ. ಗೆರೆ ಎಳೆದು, ಪ್ರತಿ ಪಾತ್ರೆಗೂ ನಂಬರು ಕೊಡದಿದ್ದರೆ ನನಗೆ ಕಾಫಿ ಇಳಿಯುವುದಿಲ್ಲ. ಮನೆಯವರು ನಗುತ್ತಾರೆ, ನಗಲಿ. ತಾಮ್ರದ ಹಂಡೆಯ ಸರದಿ ಬಂದಾಗ ಮೊಮ್ಮಗಳು ಅದರ ಕಂಠದ ಮೇಲೆ ಬೆರಳಿಟ್ಟು, “ತಾತ, ‘ಮ. ಮಾ.’ ಅಂದರೇನು?” ಎಂದಳು.

ಏನೆಂದು ಹೇಳಲಿ? ನಮ್ಮ ಕಡೆ ‘ಮ.’ ಎಂದರೆ ಮಂಡ್ಯವೂ ಹೌದು, ಮದ್ದೂರೂ ಹೌದು, ಮಳವಳ್ಳಿಯೂ ಹೌದು. ಇನ್ನು ‘ಮಾ’ದಿಂದ ಶುರುವಾಗುವ ಹೆಸರು ಕೂಗಿದರೆ ಆಗ ಅರ್ಧ ಊರೇ ತಿರುಗಿ ನೋಡುತ್ತಿತ್ತು. ಈ ಹಂಡೆಯ ಮಟ್ಟಿಗೆ ಅದು ಮಳವಳ್ಳಿ ಮಾದಮ್ಮ, ನನ್ನ ಅಜ್ಜಿ. ಮಳವಳ್ಳಿ ಸೀಮೆಯ ಪೂರಿಗಾಲಿಯಿಂದ ನಮ್ಮೂರು ದುದ್ದಕ್ಕೆ ಸೊಸೆಯಾಗಿ ಬಂದವಳಿಗೆ ತವರಿನದೆಂದು ಹೇಳಿಕೊಳ್ಳಲು ಇದ್ದದ್ದು ಈ ಹಂಡೆಯೊಂದೇ. ಅಕ್ಷರ ಕೆತ್ತಿದವರು ಮಳವಳ್ಳಿ ಪೇಟೆಯ ಒಬ್ಬ ಸಾಹೇಬರು. ಅವರದೊಂದು ಪದ್ಧತಿ: ಕೆತ್ತನೆ ಮುಗಿದ ಮೇಲೆ ಉಳಿಯನ್ನು ಪಾತ್ರೆಯ ಒಡೆಯರ ಕೈಗೇ ಕೊಟ್ಟು ಒಂದು ಚುಕ್ಕಿ ಹೊಡೆಸುವುದು.

ಸ್ವಾತಂತ್ರ್ಯ ಬರುವುದಕ್ಕೆ ಒಂದೆರಡು ವರ್ಷ ಮುಂಚೆ ಯಲಿಯೂರಿನ ಒಂದು ಮದುವೆಗೆ ಹಂಡೆಯನ್ನು ಎರವಲು ಕೊಟ್ಟಿದ್ದೆವು. ಅಜ್ಜಿಯೂ ನಾನೂ ತರಲು ಹೋದರೆ ಅದು ಮದ್ದೂರಿನ ಮಾಯಿಗೌಡರ ಗಾಡಿ ಏರಿ ಕುಳಿತಿದೆ. ಅವರೂ ಒಂದು ಹಂಡೆ ಕೊಟ್ಟಿದ್ದರಂತೆ, ಅದರ ಮೇಲೂ ಅವೇ ಅಕ್ಷರ. ಅಜ್ಜಿ ಇದು ತನ್ನದೆಂದಾಗ ಅವರು ನಕ್ಕರು.

“ಓದಕ್ಕೆ ಬರದೋಳು ಅಕ್ಸರದ ತಂಟೆಗೆ ಬರಬ್ಯಾಡ ಕಣಮ್ಮ. ಮ ಅಂದ್ರೆ ಮದ್ದೂರು, ಮಾ ಅಂದ್ರೆ ನಾನು.”

ಕಾಗುಣಿತದಲ್ಲಿ ಕ್ಲಾಸಿಗೇ ಮೊದಲಿಗನಾಗಿದ್ದ ನಾನು, ಅವರು ಓದಿದ್ದು ಸರಿಯಾಗಿಯೇ ಇದೆಯಲ್ಲ ಎಂದುಕೊಂಡೆ. ಅಜ್ಜಿ ಅಡುಗೆಯವರಿಂದ ಒಂದು ಹಿಡಿ ಹುಣಸೆಹಣ್ಣು ಇಸಿದುಕೊಂಡಳು.

“ಅಕ್ಸರ ನೀನೇ ಮಡಿಕ್ಕೊ ಗೌಡ. ಎರಡ್ನೇದರ ಕೆಳಗೆ ಸೊಟ್ಟಕ್ಕೆ ಒಂದು ಚುಕ್ಕಿ ಅದೆ, ಅದ ನಾನು ಒಡ್ದಿದ್ದು. ಇಲ್ದಿದ್ರೆ ಅಂಡೆ ನಿಂದೇ, ತಕಂಡೋಗು.”

ಅಷ್ಟು ಹೇಳಿ ಕಂಠದ ಮಸಿ ಉಜ್ಜತೊಡಗಿದಳು. ತಾಮ್ರ ಕೆಂಪಗಾಗುತ್ತಾ ಬಂತು. ಚುಕ್ಕಿ ಅಲ್ಲಿತ್ತು, ಸಾಲು ಬಿಟ್ಟು ಓರೆಯಾಗಿ. ಮಾಯಿಗೌಡರು ತಾವೇ ಹಂಡೆ ಇಳಿಸಿಕೊಟ್ಟರು. ಅವರದು ಒಲೆಯ ಹಿಂದೆ ಬೋರಲು ಬಿದ್ದಿತ್ತು.

ಆ ಎರಡು ಅಕ್ಷರ ಬರೆಯುವುದನ್ನು ಅಜ್ಜಿ ಆಮೇಲೆ ನನ್ನಿಂದ ಕಲಿತಳು. ಹೆಬ್ಬೆಟ್ಟು ಒತ್ತಬೇಕಾದ ಕಡೆಯಲ್ಲೆಲ್ಲ ‘ಮ. ಮಾ.’ ಎಂದು ಬರೆದು, ಕೆಳಗೊಂದು ಸೊಟ್ಟ ಚುಕ್ಕಿಯಿಟ್ಟು, ಕಾಗದವನ್ನು ದೂರ ಹಿಡಿದು ನೋಡಿಕೊಳ್ಳುತ್ತಿದ್ದಳು.

ಮೊಮ್ಮಗಳ ಹೊಸ ಕೊಳಗಕ್ಕೆ ಅಂಗಡಿಯ ಯಂತ್ರ ಅವಳ ಹೆಸರಿನ ಅಕ್ಷರಗಳನ್ನು ನೆಟ್ಟಗೆ ಕೊರೆದಿದೆ. ಕೆಳಗೊಂದು ಚುಕ್ಕಿ ಹೊಡೆಯಲೆಂದು ಒಳಗಿನಿಂದ ಸುತ್ತಿಗೆ, ಮೊಳೆ ತಂದು ಅವಳ ಕೈಗಿತ್ತೆ. ಸಾಲು ತಪ್ಪದಂತೆ ಹೊಡಿ ಎನ್ನಲು ಬಾಯಿ ತೆರೆದವನು, ಸುಮ್ಮನಾದೆ.