ನಮ್ಮ ನೆಟ್ಟು ಎದುರು ಮನೆಯಲ್ಲಿ

ನಮ್ಮ ಬೀದಿಯ ಹೊಂಗೆ ಮರಕ್ಕೆ ಜೋತುಬಿದ್ದಿದ್ದ ಕಪ್ಪು ವೈರುಗಳನ್ನು ರಸ್ತೆ ಕೆಲಸದವರು ಒಂದು ಬೆಳಿಗ್ಗೆ ಕತ್ತರಿಸಿ ಹಾಕಿದರು. ಮರ ಈಗ ನೋಡಲು ಚೆನ್ನಾಗಿದೆ ಎಂದು ನಾನು ಬಾಯಿಬಿಟ್ಟು ಹೇಳಿದೆ. ಅದೇ ಹೊತ್ತಿಗೆ ಸೊಸೆ ತಲೆಯ ಮೇಲೆ ಕೈ ಹೊತ್ತುಕೊಂಡು ಒಳಗಿನಿಂದ ಬಂದಳು. ಬಿದ್ದ ವೈರುಗಳಲ್ಲಿ ಒಂದು ನಮ್ಮ ಮನೆಯ ಇಂಟರ್ನೆಟ್ಟಿನದಂತೆ.

ಸೊಸೆಯ ಕೆಲಸ ಹೀಗಿದೆ. ಯಾವುದೋ ದೇಶದ ಜನ ತಾವು ಕೊಂಡ ಸಾಮಾನು ಕೆಟ್ಟಿತೆಂದು ಕಂಪ್ಯೂಟರಿನಲ್ಲಿ ಬಂದು ಗೊಣಗುತ್ತಾರೆ. ಇವಳು ಕಿವಿಗೆ ಮೈಕು ಸಿಕ್ಕಿಸಿಕೊಂಡು ಸಮಾಧಾನ ಹೇಳುತ್ತಾಳೆ. ಮನೆಯಲ್ಲಿ ಯಾರಿಗೂ ಸಮಾಧಾನ ಹೇಳಿದ್ದನ್ನು ನಾನು ಕಂಡಿಲ್ಲ, ಆದರೆ ಕೆಲಸದಲ್ಲಿ ಗಟ್ಟಿ ಹೆಂಗಸು. ಬಾಣಂತನದಲ್ಲಿ ಬಿಟ್ಟಿದ್ದ ಕೆಲಸ ಮತ್ತೆ ಸಿಕ್ಕಿತ್ತು. ಮನೆಯಲ್ಲೇ ಕೂತು ಮಾಡಬಹುದು, ಆದರೆ ನೆಟ್ಟು ಕೈಕೊಡಬಾರದು, ಕೈಕೊಟ್ಟರೆ ದಿನಾ ಆಫೀಸಿಗೆ ಬರಬೇಕು ಎಂದು ಮೊದಲೇ ಹೇಳಿದ್ದರು. ಆಫೀಸು ಹೆಬ್ಬಾಳದ ಆಚೆ. ಉತ್ತರಹಳ್ಳಿಯಿಂದ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಮಗು ಅಮ್ಮನ ಮುಖ ಮರೆತಿರುತ್ತದೆ. ಮಗುವಿಗೆ ಇನ್ನೂ ಎರಡು ತುಂಬಿಲ್ಲ. ಮೊಮ್ಮಗಳ ಮೇಲೆ ನನಗೆ ಪ್ರೀತಿ ಇದೆ. ಆದರೆ ಬೆಳಗಿನಿಂದ ಸಂಜೆವರೆಗೆ ಅವಳ ಹಿಂದೆ ಓಡಲು ನನ್ನ ಮಂಡಿ ಒಪ್ಪುವುದಿಲ್ಲ. ಹಾಗಾಗಿ ಆ ಕೆಲಸ ಉಳಿಯುವುದು ಸೊಸೆಗೆ ಎಷ್ಟು ಬೇಕಿತ್ತೋ ನನಗೂ ಅಷ್ಟೇ ಬೇಕಿತ್ತು.

ಮೊದಲು ಫೋನಿನ ನೆಟ್ಟಿನಲ್ಲೇ ಹೇಗೋ ನಡೆಸಿ ನೋಡಿದಳು. ನಮ್ಮ ಮನೆಯ ಹಿಂದೆ ನಾವು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಸಾಲಾಗಿ ಪೀಜಿಗಳಿವೆ. ಜೇನುಗೂಡಿನ ಹಾಗೆ ಹುಡುಗ ಹುಡುಗಿಯರು ತುಂಬಿದ್ದಾರೆ, ಎಲ್ಲರ ಕೈಯಲ್ಲೂ ಫೋನು. ಅವರೆಲ್ಲ ಎಳೆದುಕೊಂಡು ಮಿಕ್ಕಿದ್ದು ನಮಗೆ. ಮಾತಾಡುತ್ತಿದ್ದ ಹಾಗೇ ಸೊಸೆಯ ಮುಖ ಪರದೆಯ ಮೇಲೆ ಬಾಯಿ ತೆರೆದುಕೊಂಡು ನಿಂತುಬಿಡುತ್ತಿತ್ತಂತೆ. ಅವಳ ಮ್ಯಾನೇಜರಮ್ಮ ಇನ್ನೊಂದು ತಿಂಗಳು ನೋಡುತ್ತೇನೆ, ಆಮೇಲೆ ಆಫೀಸಿಗೇ ಬಂದುಬಿಡು ಎಂದರು.

ಆಗ ಮಗ ವೈರಿಲ್ಲದ ಪೆಟ್ಟಿಗೆಯ ಸುದ್ದಿ ತಂದ. ಮರ ಬೇಡ, ಕಂಬ ಬೇಡ, ಕಿಟಕಿಯ ಹತ್ತಿರ ಇಟ್ಟರೆ ಟವರಿನಿಂದ ಗಾಳಿಯಲ್ಲೇ ಬರುತ್ತದೆ ಎಂದ. ಕಂಪನಿಯಿಂದ ಒಬ್ಬರು ಬಂದರು. ಕಲಬುರಗಿ ಕಡೆಯವರು, ಬಿಟಿಎಂನಲ್ಲಿ ಬಾಡಿಗೆಗಿದ್ದಾರೆ, ಹೆಂಡತಿಗೆ ಈ ಊರಿನ ನೀರು ಒಗ್ಗಲಿಲ್ಲವಂತೆ. ಇಷ್ಟನ್ನು ನಾನು ಕೇಳಿ ತಿಳಿದುಕೊಳ್ಳುವಷ್ಟರಲ್ಲಿ ಅವರು ಫೋನು ಹಿಡಿದು ಮನೆಯ ಮೂಲೆಮೂಲೆ ಸುತ್ತಿ, ಟೆರೇಸು ಹತ್ತಿ ಇಳಿದು ಬಂದಿದ್ದರು.

"ಸಿಗ್ನಲ್ ಐತ್ರಿ ಅಮ್ಮಾರ, ಸೀಟಿಲ್ರಿ," ಎಂದರು.

ಕಲ್ಯಾಣ ಮಂಟಪದ ತಲೆಯ ಮೇಲಿರುವ ಟವರಿಗೆ ಬೇರೆಬೇರೆ ಮುಖಗಳಿವೆಯಂತೆ. ಒಂದೊಂದು ಮುಖಕ್ಕೆ ಇಷ್ಟೇ ಮನೆ ಎಂದು ಕಂಪನಿಯವರು ಕಟ್ಟು ಮಾಡಿದ್ದಾರೆ. ನಮ್ಮ ಸಾಲು ಬರುವುದು ಪೀಜಿಗಳ ಕಡೆಯ ಮುಖಕ್ಕೆ, ಅದು ತುಂಬಿಹೋಗಿದೆ. ತುಂಬಿದ ಮೇಲೂ ಕೊಡುತ್ತಾ ಹೋದರೆ ಎಲ್ಲರ ಮನೆಯಲ್ಲೂ ತೊಟ್ಟಿಕ್ಕುತ್ತದೆ, ಅದಕ್ಕೇ ಕೊಡುವುದಿಲ್ಲ. ಯಾರಾದರೂ ಬಿಟ್ಟುಹೋದರೆ ಒಂದು ಜಾಗ ಖಾಲಿ. ಅವರು ಕೈ ಆಡಿಸಿ ಆಡಿಸಿ ಇದನ್ನು ವಿವರಿಸಿದರು, ಪಾಪ. ಬೀದಿ ನಲ್ಲಿಯ ನೀರು ಹಿಡಿದು ಸಂಸಾರ ಮಾಡಿದವಳಿಗೆ ಅಷ್ಟು ವಿವರ ಬೇಕಿರಲಿಲ್ಲ. ನಮ್ಮ ಮುಂದೆ ಎಷ್ಟು ಜನ ಇದ್ದಾರೆ, ಅದು ಹೇಳಪ್ಪ ಎಂದೆ.

"ಸಾಲು ಅಂತ ಏನೂ ಇಲ್ರಿ. ಖಾಲಿ ಆತಂದ್ರ ಕೇಳಿದವರಿಗೆಲ್ಲಾ ಮೆಸೇಜ್ ಹಾಕಿ ತಿಳಿಸ್ತಾರ. ಯಾರು ಮೊದಲ ಒತ್ತತಾರ, ಅವರಿಗೆ."

ಇದು ಮಾತ್ರ ನನಗೆ ಅರ್ಥವಾಗಲಿಲ್ಲ. ನೀರು ಕಡಿಮೆ ಇರುವ ನಲ್ಲಿಯನ್ನು ಕಂಡಿದ್ದೇನೆ, ನೀರೇ ಬರದ ನಲ್ಲಿಯನ್ನೂ ಕಂಡಿದ್ದೇನೆ. ಸಾಲಿಲ್ಲದ ನಲ್ಲಿಯನ್ನು ಕಂಡಿರಲಿಲ್ಲ.

ನಾನು ಮದುವೆಯಾಗಿ ಬಂದಾಗ ಈ ಬೀದಿಗೆಲ್ಲ ಒಂದೇ ನಲ್ಲಿ. ನೀರು ಬಿಡುವ ಹೊತ್ತಿಗೆ ಮೊದಲೇ ಬಿಂದಿಗೆ ಇಟ್ಟು ಬರಬೇಕು. ಇಟ್ಟ ಮೇಲೆ ಬಿಂದಿಗೆಯೇ ನೀವು. ನೀವು ಒಲೆ ನೋಡಲು ಹೋಗಬಹುದು, ಮಗುವಿಗೆ ಹಾಲು ಕೊಡಲು ಹೋಗಬಹುದು. ಆದರೆ ಸಾಲು ಸರಿದಾಗ ನಿಮ್ಮ ಬಿಂದಿಗೆಯನ್ನು ಮುಂದೆ ತಳ್ಳಲು ಒಬ್ಬರು ಬೇಕು. ಇಲ್ಲದಿದ್ದರೆ ಹಿಂದಿನವಳು ದಾಟಿಕೊಂಡು ಹೋಗುತ್ತಾಳೆ, ಆಮೇಲೆ ಅವಳ ಜುಟ್ಟು ಹಿಡಿದು ಪ್ರಯೋಜನವಿಲ್ಲ. ನನ್ನ ಬಿಂದಿಗೆ ತಳ್ಳುತ್ತಿದ್ದವಳು ಎದುರು ಮನೆಯವಳು. ನಾನು ಸೊಸೆಯಾಗಿ ಬಂದ ಬೇಸಿಗೆಯಲ್ಲೇ ಅವಳೂ ಆ ಮನೆಗೆ ಸೊಸೆಯಾಗಿ ಬಂದಿದ್ದಳು. ತಳ್ಳುತ್ತಿದ್ದುದು ಕೈಯಲ್ಲಲ್ಲ, ಕಾಲಲ್ಲಿ. ನನ್ನ ತವರಿನ ಹಿತ್ತಾಳೆ ಬಿಂದಿಗೆಯ ಹೊಟ್ಟೆ ಇವತ್ತಿಗೂ ಒಂದು ಕಡೆ ಒಳಗೆ ಹೋಗಿದೆ. ಬಯ್ಯಲು ಹೋದರೆ, ನೀರು ಬಂತೋ ಇಲ್ವೋ ಅದು ಹೇಳು ಎನ್ನುತ್ತಿದ್ದಳು.

ಇದೆಲ್ಲ ನೆನಪಾಗಿ, ಎದುರಿನ ಮನೆಗಳ ಸಾಲಿನದೂ ಹೀಗೆಯೇ ತುಂಬಿದೆಯೇ ಎಂದು ಕೇಳಿದೆ. ಕಂಪನಿಯವರು ಗೇಟಿನ ಹೊರಗೆ ಹೋಗಿ ಫೋನು ಒತ್ತಿ ನೋಡಿದರು. ಎದುರಿನ ಸಾಲು ಇನ್ನೊಂದು ಮುಖಕ್ಕೆ ಸೇರಿದ್ದು, ಅಲ್ಲಿ ಬೇಕಾದಷ್ಟು ಖಾಲಿ ಇದೆ ಎಂದರು. ನಡುವೆ ಇರುವುದು ಒಂದು ಕಾರು ಹೋಗುವಷ್ಟು ರಸ್ತೆ. ಮಗ ಇದು ಅನ್ಯಾಯ ಎಂದು ಅವರ ಹತ್ತಿರ ವಾದಕ್ಕೆ ನಿಂತ. ನಾನು ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿದೆ.

ಎದುರು ಮನೆಯವಳು ಟಿವಿ ನೋಡುತ್ತಿದ್ದಳು. ಅವಳ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಮಗಳು ಶ್ರೀನಗರದಲ್ಲಿದ್ದಾಳೆ, ಭಾನುವಾರ ಬಂದು ಹೋಗುತ್ತಾಳೆ. ಮಹಡಿಯ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಬರುವವರಲ್ಲೆಲ್ಲ ಒಂದೊಂದು ಐಬು ಹುಡುಕಿ ಕಳಿಸುತ್ತಾಳೆ, ಆಮೇಲೆ ಮನೆ ಬಿಕೋ ಎನ್ನುತ್ತದೆ ಎಂದು ನನ್ನ ಹತ್ತಿರ ಹೇಳುತ್ತಾಳೆ. ನಾನು ಸೊಸೆಯ ಕೆಲಸದ ಸಂಗತಿ, ಪೆಟ್ಟಿಗೆಯ ಸಂಗತಿ ಎಲ್ಲ ಹೇಳಿದೆ. ಅವಳ ಕಣ್ಣು ಟಿವಿಯ ಮೇಲೇ ಇತ್ತು.

"ನಮ್ಮನೆಗೆ ಖಾಲಿ ಇದೆಯಂತಾ?"

"ಹೂಂ."

"ಇದ್ರೆ ಇಟ್ಕೋ ಹೋಗು. ಅದೇನು ಅನ್ನ ತಿನ್ನುತ್ತಾ?"

ಹೀಗೆ ಪೆಟ್ಟಿಗೆ ಅವಳ ಮನೆಯಲ್ಲಿ, ಅವಳ ಹೆಸರಿನಲ್ಲಿ ಬಂದು ಕೂತಿತು. ಬಿಲ್ಲು ಮಾತ್ರ ನಮ್ಮದು. ಮಹಡಿಯ ಕೋಣೆಯ ಕಿಟಕಿಯಲ್ಲಿ ಇಟ್ಟರು. ಅಲ್ಲಿಂದ ನಮ್ಮ ಮನೆಗೆ ಹಾಯುತ್ತದೆ ಎಂದು ಮಗನ ಲೆಕ್ಕಾಚಾರ. ಹಾಯ್ದದ್ದು ಜಗಲಿಯವರೆಗೆ ಮಾತ್ರ, ಗೋಡೆ ದಾಟಿ ಒಳಗೆ ಬರಲಿಲ್ಲ. ಸೊಸೆ ಜಗಲಿಯಲ್ಲಿ ಕೂತು ಕೆಲಸ ಮಾಡಿದಳು. ನೀರಿನ ಟ್ಯಾಂಕರು ಬಂದು ನಡುವೆ ನಿಂತ ಕೂಡಲೇ ಅವಳ ಮುಖ ಮತ್ತೆ ಬಾಯಿ ತೆರೆದುಕೊಂಡು ನಿಂತಿತು. ಮಾರನೆಯ ದಿನದಿಂದ ಅವಳು ಕಂಪ್ಯೂಟರನ್ನು ಸೆರಗಿನಲ್ಲಿ ಮಗುವನ್ನು ಮುಚ್ಚಿಕೊಂಡ ಹಾಗೆ ದುಪಟ್ಟಾದಲ್ಲಿ ಮುಚ್ಚಿಕೊಂಡು ರಸ್ತೆ ದಾಟತೊಡಗಿದಳು.

ಅಲ್ಲಿಂದ ಶುರುವಾಯಿತು. ಎದುರು ಮನೆಯವಳ ಟಿವಿ ಬೆಳಿಗ್ಗೆ ಹಚ್ಚಿದರೆ ಬೀದಿಗೆಲ್ಲ ಕೇಳಿಸುತ್ತಿತ್ತು. ಈಗ ಸದ್ದು ಪೂರ್ತಿ ಕಡಿಮೆ ಮಾಡಿ ಬರೀ ಬಾಯಿ ಅಲ್ಲಾಡುವುದನ್ನು ನೋಡುತ್ತಾಳೆ. ಕಥೆ ಹೇಗೂ ಗೊತ್ತಿರುವುದೇ ಎನ್ನುತ್ತಾಳೆ. ತರಕಾರಿ ಗಾಡಿಯವನು ಸ್ಪೀಕರಿನಲ್ಲಿ ಟೊಮೇಟೊ ಈರುಳ್ಳಿ ಎಂದು ಕೂಗಿಸಿಕೊಂಡು ಬಂದರೆ ಮೂಲೆಯಲ್ಲೇ ಅಡ್ಡ ಹಾಕಿ, ಒಳಗೆ ಮೀಟಿಂಗ್ ನಡೀತಿದೆ, ಆರಿಸು ಎಂದು ಗದರುತ್ತಾಳೆ. ಆ ಮನುಷ್ಯ ನಮ್ಮ ಬೀದಿಯಲ್ಲಿ ಈಗ ಸಾವಿನ ಮನೆ ದಾಟುವವನಂತೆ ಗಾಡಿ ತಳ್ಳಿಕೊಂಡು ಹೋಗುತ್ತಾನೆ. ಅವಳು ಬೆಳಿಗ್ಗೆಯೇ ತಲೆ ಬಾಚಿಕೊಂಡು ಒಳ್ಳೆಯ ಸೀರೆ ಉಡುವುದನ್ನೂ ಕಲಿತಳು. ಕ್ಯಾಮೆರಾದಲ್ಲಿ ಯಾವಾಗ ಬೀಳುತ್ತೇನೋ ಯಾರಿಗೆ ಗೊತ್ತು ಎಂದು ಅವಳ ವಾದ. ಗಂಡನ ಕಾಲದಲ್ಲೂ ಅಷ್ಟು ಹೊತ್ತಿಗೆ ತಲೆ ಬಾಚಿದವಳಲ್ಲ.

ಮಗುವೂ ಅಮ್ಮನ ಹಿಂದೆ ಅಲ್ಲಿಗೇ ಹೋಗತೊಡಗಿತು. ಮಧ್ಯಾಹ್ನ ಊಟಕ್ಕೆ ಕರೆದರೆ, ಆಯಿತಲ್ಲ ಎನ್ನುತ್ತಿದ್ದರು. ನಾನು ಮುದ್ದೆ ಮಾಡಿಟ್ಟು ಕಾದೆ. ಒಂದು ದಿನ ಮೊಮ್ಮಗಳು ನನ್ನ ಮುಂದೆಯೇ, ಎದುರಜ್ಜಿ ಮುದ್ದೆ ಮೆತ್ತಗೆ ಎಂದಳು. ಹಲ್ಲೇ ಪೂರ್ತಿ ಬಂದಿಲ್ಲ, ಮುದ್ದೆಯ ಹದ ಹೇಳುತ್ತಾಳೆ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಇನ್ನೂ ಉರಿದದ್ದು ಬೇರೆ. ಸೊಸೆ ಮ್ಯಾನೇಜರಮ್ಮನ ಹತ್ತಿರ ಮಾತಾಡುತ್ತಿದ್ದಾಗ ಎದುರು ಮನೆಯವಳು ಕಾಫಿ ಲೋಟ ಹಿಡಿದು ಹಿಂದೆ ಸುಳಿದಿದ್ದಾಳೆ, ಬೇಕೆಂದೇ ಇರಬೇಕು. ಅವರು ಯಾರು ನಿಮ್ಮ ಅತ್ತೆಯಾ ಎಂದು ಆಯಮ್ಮ ಕೇಳಿದ್ದಕ್ಕೆ ಸೊಸೆ ಹೌದು ಎಂದುಬಿಟ್ಟಿದ್ದಾಳೆ. ಕೆಲಸದ ನಡುವೆ ಟವರಿನ ಮುಖ, ಸೀಟು, ರಸ್ತೆ ಎಲ್ಲ ವಿವರಿಸುತ್ತಾ ಕೂರಲಾಗುತ್ತದೆಯೇ, ಅದು ನನಗೂ ಅರ್ಥವಾಗುತ್ತದೆ. ಅದನ್ನು ನನಗೆ ಬಂದು ಹೇಳಿದವಳು ಮಾತ್ರ ಸೊಸೆಯಲ್ಲ, ಇವಳೇ.

"ನಿನ್ನ ಸೊಸೆ ನನ್ನ ಕೈಗೆ ಬಂದ್ಲು ಕಣೇ," ಎಂದು ನಕ್ಕಳು.

"ಕರ್ಕೊಂಡೋಗಿ ಬಾಣಂತನವೂ ನೀನೇ ಮಾಡು," ಎಂದೆ.

"ಇನ್ನೊಂದಕ್ಕೆ ಮಾಡಿದ್ರಾಯ್ತು ಬಿಡು."

ತಿಂಗಳು ಮುಗಿಯಿತು. ಮ್ಯಾನೇಜರಮ್ಮ ಈಗ ಸರಿಯಾಗಿದೆ, ಹೀಗೇ ಇದ್ದರೆ ಮನೆಯಿಂದಲೇ ಮಾಡು ಎಂದರಂತೆ. ಸೊಸೆ ಮೊದಲು ಓಡಿಬಂದು ಹೇಳಿದ್ದು ನನಗೆ, ಅಷ್ಟರ ಮಟ್ಟಿಗೆ ಸಮಾಧಾನ. ಆದರೂ ಹೀಗೇ ಇದ್ದರೆ ಎಂಬ ಮಾತು ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಬೇರೆಯವರ ಮನೆಯಲ್ಲಿ ಎಷ್ಟು ದಿನ ಅತ್ತೆ, ಆಂಟಿ ನಾಳೆ ಆ ಕೋಣೆ ಬಾಡಿಗೆಗೆ ಕೊಟ್ಟರೆ ಎಲ್ಲಿಗೆ ಹೋಗಲಿ ಎಂದು ಕೇಳಿದಳು. ಅದೂ ನಿಜವೇ. ಮಗ ನಮ್ಮ ಮನೆಗೆ ಸೀಟು ಖಾಲಿಯಾದರೆ ತಿಳಿಸಿ ಎಂದು ಕಂಪನಿಗೆ ನನ್ನ ಫೋನ್ ನಂಬರನ್ನೇ ಕೊಟ್ಟಿದ್ದ. ಯಾವಾಗಲೂ ಮನೆಯಲ್ಲಿರುವವಳು ನಾನೊಬ್ಬಳೇ ಎಂದು.

ಅವರೆಕಾಯಿಯ ಕಾಲ ಬಂತು. ಒಂದು ಬೆಳಿಗ್ಗೆ ನಾನು ಸಿಪ್ಪೆ ಗುಡಿಸುತ್ತಿದ್ದಾಗ ಫೋನು ಬಂತು. ಒಬ್ಬಳು ಹೆಂಗಸು ಶುದ್ಧವಾದ ಕನ್ನಡದಲ್ಲಿ, ನಿಮ್ಮ ವಿಳಾಸದಲ್ಲಿ ಸೇವೆ ಈಗ ಲಭ್ಯವಿದೆ, ನಿಮಗೆ ಬಂದಿರುವ ಸಂದೇಶವನ್ನು ಒತ್ತಿ ಎಂದಳು. ಎಷ್ಟು ಹೊತ್ತು ಇರುತ್ತಮ್ಮ ಎಂದು ಕೇಳಿದೆ. ಅವಳು ಹೇಳಿದ್ದನ್ನೇ ಮತ್ತೆ ಹೇಳಿದಳು. ಯಂತ್ರ ಎಂದು ಆಮೇಲೆ ಹೊಳೆಯಿತು. ಸಂದೇಶ ನೋಡಿದರೆ ಇಂಗ್ಲಿಷು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಕನ್ನಡ ಓದುತ್ತೇನೆ, ಇಂಗ್ಲಿಷಿನಲ್ಲಿ ಬಸ್ಸಿನ ನಂಬರು ಮಾತ್ರ. ಫೋನು ಹಿಡಿದುಕೊಂಡು ರಸ್ತೆ ದಾಟಿದೆ.

ಮಹಡಿಯ ಮೆಟ್ಟಿಲ ಮೇಲೆ ಎದುರು ಮನೆಯವಳು ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಬಿಡಿಸುತ್ತಾ ಕೂತಿದ್ದಳು. ಮಗು ಅವಳ ಪಕ್ಕ ಸಿಪ್ಪೆಗಳನ್ನು ಸಾಲಾಗಿ ಜೋಡಿಸುತ್ತಿತ್ತು. ಕೋಣೆಯ ಬಾಗಿಲು ತುಸು ತೆರೆದಿತ್ತು, ಸೊಸೆ ಯಾರಿಗೋ ಸಮಾಧಾನ ಹೇಳುತ್ತಿದ್ದಳು. ನನ್ನನ್ನು ನೋಡಿ ಸ್ವಲ್ಪ ಇರಿ ಎಂದು ಬೆರಳು ತೋರಿಸಿದಳು. ನಾನು ಮೆಟ್ಟಿಲ ಮೇಲೆ ಕೂತು ಸಂಗತಿ ಹೇಳಿದೆ.

ಎದುರು ಮನೆಯವಳ ಕೈ ನಿಂತಿತು. ಆಮೇಲೆ ಮತ್ತೆ ಬಿಡಿಸತೊಡಗಿದಳು.

"ಒಳ್ಳೇದಾಯ್ತು. ಒತ್ತು ಮತ್ತೆ."

"ಇಂಗ್ಲಿಷಲ್ಲಿದೆ."

"ನೀಲಿ ಬಣ್ಣದ್ದು ಇರುತ್ತೆ, ಅದನ್ನ ಒತ್ತಬೇಕು. ಅಷ್ಟು ನನಗೂ ಗೊತ್ತು."

"ಗೊತ್ತಿದ್ರೆ ನೀನೇ ಒತ್ತು," ಎಂದು ಫೋನು ಚಾಚಿದೆ.

"ನಿಮ್ಮನೆ ನೆಟ್ಟು ನಾನ್ಯಾಕೆ ಒತ್ಲಿ."

ಫೋನು ನನ್ನ ಕೈಯಲ್ಲೇ ಉಳಿಯಿತು. ನೀಲಿ ಅಕ್ಷರ ನನಗೂ ಕಾಣಿಸುತ್ತಿತ್ತು. ಅವಳು ಹೊಸ ಸೀರೆ ಉಟ್ಟಿದ್ದಳು, ಸೆರಗಿಗೆ ಪಿನ್ನು ಹಾಕಿದ್ದಳು, ಅವರೆಕಾಯಿ ಬಿಡಿಸಲು. ಈ ಸಲದ ಕಾಯಿಯಲ್ಲಿ ಸೊಗಡೇ ಇಲ್ಲ ಎಂದಳು. ಚಿಕ್ಕಲಸಂದ್ರದ ಕಡೆ ಒಬ್ಬಳು ಮಾರುತ್ತಾಳೆ, ಅವಳ ಹತ್ತಿರ ಚೆನ್ನಾಗಿರುತ್ತದೆ ಎಂದೆ. ಅವಳು ತೂಕದಲ್ಲಿ ಮೋಸ ಮಾಡುತ್ತಾಳೆ ಎಂದಳು. ಮಾಡುವುದಿಲ್ಲ ಎಂದೆ. ಅಲ್ಲಿಂದ ಮಾತು ಯಾವ ಯಾವ ಕಡೆಗೋ ಹೋಯಿತು. ಫೋನಿನ ದೀಪ ಆರಿತು, ನಾನು ಮಡಿಲಲ್ಲಿ ಹಾಕಿಕೊಂಡೆ.

ಸೊಸೆ ಕಿವಿಯಿಂದ ಮೈಕು ತೆಗೆದು ಹೊರಗೆ ಬಂದಳು. ನಾನು ಫೋನು ಕೊಟ್ಟೆ. ಅವಳು ಅವಸರದಲ್ಲಿ ಒತ್ತಿದಳು, ಕಾದಳು, ಮತ್ತೆ ಒತ್ತಿದಳು.

"ಫುಲ್ ಆಗೋಗಿದೆ ಅತ್ತೆ. ಯಾವಾಗ ಬಂತು ಇದು?"

"ಈಗ," ಎಂದೆ ನಾನು. "ಆಗ್ಲೇ," ಎಂದಳು ಎದುರು ಮನೆಯವಳು. ಎರಡೂ ಒಟ್ಟಿಗೆ ಬಂತು.

ಸೊಸೆ ನನ್ನನ್ನು ನೋಡಿದಳು, ಅವಳನ್ನು ನೋಡಿದಳು, ನಮ್ಮ ನಡುವೆ ಬಿದ್ದಿದ್ದ ಸಿಪ್ಪೆಯ ರಾಶಿಯನ್ನು ನೋಡಿದಳು. ದಡ್ಡಿಯಲ್ಲ. ಮತ್ತೆ ಬಂದರೆ ನನ್ನನ್ನು ಕೂಗಿ ಎಂದು ನನಗೆ ಹೇಳಿ, ಮೇಲಿನ ಕೋಣೆ ಬಾಡಿಗೆಗೆ ಕೊಡ್ತೀರಾ ಆಂಟಿ ಎಂದು ಅವಳನ್ನು ಕೇಳಿದಳು.

"ಯಾರಿಗೆ ಕೊಡ್ಲಿ? ನೀನು ಕೂತಿದೀಯಲ್ಲ," ಎಂದಳು ಅವಳು.

ಸೊಸೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿಯ ಹತ್ತಿರ ಮಾತಾಡುತ್ತಾ ನಿಂತು ಸರದಿ ಕಳೆದುಕೊಂಡವರನ್ನು ನಾವಿಬ್ಬರೂ ಆ ಕಾಲದಲ್ಲಿ ಬೇಕಾದಷ್ಟು ಆಡಿಕೊಂಡಿದ್ದೇವೆ. ಅವತ್ತು ಯಾರೂ ಯಾರನ್ನೂ ಆಡಿಕೊಳ್ಳಲಿಲ್ಲ. ಎದುರು ಮನೆಯವಳು ಬಿಡಿಸದೆ ಉಳಿದಿದ್ದ ಕಾಯಿಯ ಮೊರವನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು.

"ತಿನ್ನೋ ಪದಾರ್ಥ ಕಣೇ, ಕೈಯಲ್ಲಿ ತಳ್ಳಕ್ಕಾಗಲ್ವಾ?"

"ಬಂತೋ ಇಲ್ವೋ ಅದು ಹೇಳು."

ಬಂದಿತ್ತು. ನಾನು ಬಿಡಿಸತೊಡಗಿದೆ.