ನೀನು ಅಲ್ಲಾಡಿಸದ ತಲೆ

ಅವನು ಬಂದಿದ್ದ, ಸ್ಟೆಲ್ಲಾ. ಹದಿಮೂರು ವರ್ಷದ ಹಿಂದೆ, ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಬುಧವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ ಮಾದೇಶ ನಮ್ಮ ಜಪದ ಮನೆಯ ಗೇಟಿಗೆ ಬಂದು ನಿನ್ನನ್ನು ಕೇಳಿದ. ನೀನು ಬರುವುದಿಲ್ಲ ಅಂದೆ ಎಂದು ಹೇಳಿ ಅವನನ್ನು ವಾಪಸ್ಸು ಕಳಿಸಿದವಳು ನಾನು. ನಿನ್ನನ್ನು ನಾನು ಕೇಳಿರಲೇ ಇಲ್ಲ.

ಬರೆದಾಯಿತು. ಇಷ್ಟು ಬರೆಯಲು ಮೂರು ದಿನ ಬೇಕಾಯಿತು. ಎರಡು ಸಾಲು ಬರೆಯುವುದು, ಎದ್ದು ಹೋಗಿ ಸೌದೆ ಒಟ್ಟುವುದು, ಆರಿಸಿಟ್ಟ ಅಕ್ಕಿಯನ್ನೇ ಮತ್ತೆ ಆರಿಸುವುದು. ನಿನ್ನೆ ನೀನೇ ಕೇಳಿದೆಯಲ್ಲ, "ಏನ್ ಲೂರ್ದಕ್ಕ, ಕೂತಲ್ಲಿ ಕೂರಾಕಿಲ್ವಲ್ಲ ನೀನು?" ಅಂತ. ಸೆಕೆ ಕಣವ್ವ ಅಂದೆ. ಸುಳ್ಳು ಹೇಳುವುದು ನನಗೆ ಈಗ ಉಸಿರಾಡಿದಷ್ಟೇ ಸಲೀಸು.

ನೀನು ಇಲ್ಲಿಗೆ ಬಂದ ವರ್ಷ ನೆನಪಿದೆಯಾ? ಬೂದಿ ಬುಧವಾರ ಕಳೆದು ತಪಸ್ಸು ಕಾಲದ ನಲವತ್ತು ದಿನ ಶುರುವಾಗಿತ್ತು. ಬೆಟ್ಟಕ್ಕೆ ಶಿವರಾತ್ರಿಗೆ ನಡೆದು ಹೋಗುವವರಿಗೆ ಮಜ್ಜಿಗೆ ಕೊಟ್ಟು ಕೊಟ್ಟು ನನ್ನ ತೋಳು ಬಿದ್ದುಹೋಗಿತ್ತು. ನಿಮ್ಮಪ್ಪ ನಿನ್ನನ್ನು ಹನೂರಿನಿಂದ ಜೀಪಿನಲ್ಲಿ ಕರೆತಂದು, "ನಲವತ್ತು ದಿನ ಇರ್ಲಿ, ಮನಸ್ಸು ತಿಳಿಯಾಗ್ಲಿ" ಎಂದು ಬಿಟ್ಟು ಹೋದರು. ಕೊಳ್ಳೇಗಾಲದಲ್ಲಿ ಹೊಲಿಗೆ ಕಲಿಯಲು ಹೋದವಳು ನೀನು ಹೊನ್ನೂರಿನ ಹುಡುಗ ಮಾದೇಶನನ್ನು ಇಷ್ಟಪಟ್ಟಿದ್ದೆ. ಅವನ ಮನೆಯಲ್ಲಿ ಕ್ರೈಸ್ತರ ಹುಡುಗಿ ಬೇಡ, ನಿನ್ನ ಮನೆಯಲ್ಲಿ ಶಿವನ ಒಕ್ಕಲು ಬೇಡ. ನೀನು ಮೊದಲ ವಾರ ಅತ್ತೆ. ಎರಡನೆಯ ವಾರ ಕೋಳಿಗೂಡು ರಿಪೇರಿ ಮಾಡಿದೆ. ಮೂರನೆಯ ವಾರ ಅಡುಗೆಮನೆಯಲ್ಲಿ ಹಾಡಲು ಶುರು ಮಾಡಿದೆ — ಅಲ್ಲಿಂದಲೇ ನನಗೆ ಆಸೆ ಹುಟ್ಟಿದ್ದು.

ನಮ್ಮ ಜಪದ ಮನೆ ಹೊರಗಿನವರಿಗೆ ಗೊತ್ತಿರುವುದು ತಪಸ್ಸು ಕಾಲದಲ್ಲಿ ಮಾತ್ರ. ಆಗ ಜೀಪುಗಳು, ಜನ, ಹಾಡು, ದೊಡ್ಡ ಪಾತ್ರೆಯಲ್ಲಿ ಗಂಜಿ. ಈಸ್ಟರ್ ಮುಗಿದ ಮಾರನೆಯ ದಿನ ಎಲ್ಲ ಖಾಲಿ. ಆಮೇಲೆ ರಾಗಿ, ಹುರುಳಿ, ಸೋರುವ ಹಂಚು, ಆನೆ ಬಂದರೆ ಬಡಿಯಲು ತಗಡಿನ ಡಬ್ಬ. ಮಳೆ ಹಿಡಿದರೆ ಕಾಲುದಾರಿ ಕೆಸರಾಗಿ ಹದಿನೈದು ದಿನ ಒಬ್ಬ ನರಪಿಳ್ಳೆಯೂ ಬರುವುದಿಲ್ಲ. ಆ ವರ್ಷ ನನ್ನ ಜೊತೆ ಉಳಿದಿದ್ದವರು ಕಿವಿ ಕೇಳದ ಫಾದರ್ ಒಬ್ಬರೇ. ಮುಂದಿನ ಮಳೆಗಾಲ ನೆನೆಸಿಕೊಂಡರೆ ನನಗೆ ಭಯವಾಗುತ್ತಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ — ಹೇಳುತ್ತಿದ್ದೇನೋ ಏನೋ. ಹಾಗೆ ಕಂಡರೆ ಈ ಭಾಗ ಬಿಟ್ಟು ಓದು.

ಮೌನ ಹಿಡಿಯುವ ಹಿಂದಿನ ದಿನ ಒರಳಿನ ಮುಂದೆ ಕೂತು ನೀನೇ ನನಗೆ ಹೇಳಿದೆ. "ಈಸ್ಟರ್‌ನೊಳ್ಗೆ ಅವ್ನು ಬಂದ್ರೆ ಓಯ್ತೀನಕ್ಕ. ಬರ್ನಿಲ್ಲ ಅಂದ್ರೆ ಇಲ್ಲೇ ಇದ್ಬುಡ್ತೀನಿ. ದೇವ್ರಿಗೇ ಬುಟ್ಟಿವ್ನಿ." ಅಂದರೆ ನನಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪು ಅಂತ ನಾನು ಯಾವ ಬಾಯಲ್ಲೂ ಹೇಳುವ ಹಾಗಿಲ್ಲ.

ನಮ್ಮ ಪದ್ಧತಿ ನಿನಗೆ ಈಗ ನನಗಿಂತ ಚೆನ್ನಾಗಿ ಗೊತ್ತು. ಗರಿಗಳ ಭಾನುವಾರ ಸಂಜೆಯಿಂದ ಮುಂದಿನ ಭಾನುವಾರ ಈಸ್ಟರ್‌ವರೆಗೆ ಮಾತಿಲ್ಲ, ಫೋನುಗಳೆಲ್ಲ ಬೀರುವಿನಲ್ಲಿ. ಯಾರನ್ನಾದರೂ ಹುಡುಕಿಕೊಂಡು ಜನ ಬಂದರೆ ಗೇಟಿನವರು ಒಳಗೆ ಹೋಗಿ ಸುದ್ದಿ ಹೇಳಬೇಕು, ಮೌನದಲ್ಲಿರುವವರು ತಲೆಯಾಡಿಸಿ ಹೌದು ಅಥವಾ ಇಲ್ಲ ಅನ್ನಬೇಕು, ಅದನ್ನು ಗೇಟಿನವರು ಹಾಗೆಯೇ ಹೊರಗೆ ತಲುಪಿಸಬೇಕು. ಮೌನವಿಲ್ಲದವಳು ಆ ವಾರ ನಾನೊಬ್ಬಳೇ. ಎಲ್ಲರ ಬಾಯಿ ನನ್ನ ಹತ್ತಿರ ಇತ್ತು.

ಮಾದೇಶ ಬೈಕು ನಿಲ್ಲಿಸಿ ಬಂದ. ಬಟ್ಟೆಯೆಲ್ಲ ಕೆಂಧೂಳು. ನೀರು ಕೊಟ್ಟರೂ ಕುಡಿಯಲಿಲ್ಲ. "ಅಮ್ಮಾವ್ರೆ, ಸ್ಟೆಲ್ಲಾಗೆ ಒಂದ್ ಮಾತು ಯೋಳಿ. ನಮ್ಮವ್ವ ಒಪ್ಕಂಡವ್ಳೆ. ಅಪ್ಪಂದು ಆಮೇಕ್ ನೋಡ್ಕಳ್ಳವ. ಬತ್ತೀನಿ ಅಂದ್ರೆ ಈಗ್ಲೇ ಕರ್ಕಂಡ್ ಓಯ್ತೀನಿ. ಬರಾಕಿಲ್ಲ ಅಂದ್ರೆ ಇನ್ನ್ಯಾವತ್ತೂ ತೊಂದ್ರೆ ಕೊಡಾಕಿಲ್ಲ."

ಒಳಗೆ ಹೋದೆ. ನಿಜವಾಗಿಯೂ ನಿನ್ನನ್ನು ಕೇಳಬೇಕೆಂದೇ ಹೋದೆ — ಇಲ್ಲ, ಅದೂ ಪೂರ್ತಿ ನಿಜವಲ್ಲ. ಹೋಗುವಾಗ ಏನೆಂದುಕೊಂಡಿದ್ದೆನೋ ಈಗ ನೆನಪಿಲ್ಲ. ನೀನು ಬಾವಿಕಟ್ಟೆಯ ಹತ್ತಿರ ಚಾಪೆ ಒಗೆಯುತ್ತಿದ್ದೆ. ನನಗೆ ಬೆನ್ನು ಹಾಕಿದ್ದೆ. ನಾನು ಅಡುಗೆಮನೆಯ ಗೋಡೆಗೆ ಒರಗಿ ನಿಂತುಕೊಂಡೆ. ಹತ್ತು ಹೆಜ್ಜೆ ಅಷ್ಟೇ. ನೀನು ಚಾಪೆ ಕೊಡವಿ ಹಗ್ಗದ ಮೇಲೆ ಹಾಕುವವರೆಗೆ ನೋಡಿ, ಬಂದ ದಾರಿಯಲ್ಲೇ ಗೇಟಿಗೆ ಹೋದೆ.

"ಕೇಳ್ದೆ ಕಣಪ್ಪ. ಮೌನದಲ್ಲವ್ಳೆ, ಮಾತಾಡಂಗಿಲ್ಲ. ಇಲ್ಲ ಅಂತ ತಲೆ ಅಲ್ಲಾಡ್ಸುದ್ಲು."

"ಅಲ್ಲಾಡ್ಸುದ್ಲಾ?"

"ಊಂ."

ಅವನು "ಸರಿ ಬುಡಿ. ಚೆಂದಾಗಿರ್ಲಿ" ಅಂದ. ಜಗಳ ಮಾಡುತ್ತಾನೆ, ಒಳಗೆ ನುಗ್ಗುತ್ತಾನೆ ಎಂದು ನಾನು ಕಾದೆ. ನುಗ್ಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಮ್ಮ ಪದ್ಧತಿಗೆ ಅವನು ಮರ್ಯಾದೆ ಕೊಟ್ಟ. ಕೊಡದವಳು ನಾನು.

ನೀನು ಉಳಿದೆ. ಆ ಮಳೆಗಾಲ ನನ್ನ ಬದುಕಿನಲ್ಲೇ ಅತ್ಯಂತ ಸಂತೋಷದ ಮಳೆಗಾಲ ಅಂತ ಹೇಳಿದರೆ ನಿನಗೆ ಅಸಹ್ಯವಾಗುತ್ತದೆ. ಆದರೂ ಹೇಳಬೇಕು. ನಾವಿಬ್ಬರೂ ಹಂಚು ಹೊದಿಸಿದೆವು, ಹುರುಳಿ ಬಡಿದೆವು, ಆನೆ ಓಡಿಸಲು ಹೋಗಿ ನಾವೇ ಓಡಿ ಬಂದು ನಕ್ಕೆವು. ನಗುವಿನ ನಡುವೆ ನಿನ್ನ ಮುಖ ಒಮ್ಮೊಮ್ಮೆ ಗೇಟಿನ ಕಡೆ ತಿರುಗುತ್ತಿತ್ತು. ನಾನು ಬೇರೆ ಏನಾದರೂ ಮಾತು ತೆಗೆಯುತ್ತಿದ್ದೆ.

ನಾಲ್ಕೈದು ವರ್ಷದ ಮೇಲೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಅವನು ಸಿಕ್ಕಿದ್ದ. ಹೆಂಡತಿ ಜೊತೆಯಲ್ಲಿದ್ದಳು, ತೋಳಿನಲ್ಲಿ ಮಗು. ಅವರನ್ನು ಸತ್ತೇಗಾಲದ ಬಸ್ಸಿಗೆ ಹತ್ತಿಸಿ ಬಂದು, "ಅವ್ಳು ಉಸಾರಾಗವ್ಳಾ?" ಎಂದು ಕೇಳಿದ. ಆಮೇಲೆ ಹೇಳಿದ, "ನೀವಾದ್ರೂ ಅವತ್ತು ಒಳಕ್ಕೋಗಿ ಕೇಳ್ಕಂಡ್ ಬಂದ್ರಿ ಅಮ್ಮಾವ್ರೆ. ಅದೊಂದು ಉಪ್ಕಾರ ಮರೆಯಾಕಿಲ್ಲ." ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. "ಏನ್ ಮಹಾ ಬುಡಪ್ಪ" ಅಂದೆ.

ಪ್ರತಿ ಈಸ್ಟರ್ ಸಂಜೆ ನೀನು ಎದ್ದು ನಿಂತು ಸಾಕ್ಷ್ಯ ಹೇಳುತ್ತೀಯ — ದೇವರನ್ನು ಒಂದು ಗುರುತು ಕೇಳಿದೆ, ಒಬ್ಬ ಮನುಷ್ಯ ಬರಬೇಕಿತ್ತು, ಬರಲಿಲ್ಲ, ಅದೇ ನನಗೆ ಉತ್ತರವಾಯಿತು ಅಂತ. ಜನ ಕಣ್ಣೊರೆಸಿಕೊಳ್ಳುತ್ತಾರೆ. ನಾನು ಮುಂದಿನ ಸಾಲಿನಲ್ಲಿ ಕೂತು ಆಮೆನ್ ಅನ್ನುತ್ತೇನೆ. ಹನ್ನೆರಡು ಸಲ ಅಂದಿದ್ದೇನೆ.

ಹದಿಮೂರನೆಯ ಸಲ ಅನ್ನಲು ಆಗುವುದಿಲ್ಲ. ಕಾರಣ ಯಳಂದೂರಿನ ಆ ನರ್ಸ್. ಹೋದ ವರ್ಷ ನಿನ್ನ ಸಾಕ್ಷ್ಯ ಕೇಳಿದವಳು ಮೊನ್ನೆ ಚೀಲ ಸಮೇತ ಬಂದಿದ್ದಾಳೆ. ಬೀರುವಿನಲ್ಲಿ ಇಡಲು ಫೋನು ಕೊಡುವಾಗ ಹೇಳಿದಳು, "ಈ ವಾರದಲ್ಲಿ ನನ್ನ ಗಂಡ ಹುಡ್ಕಂಡು ಬಂದ್ರೆ ವಾಪಸ್ ಓಯ್ತೀನಿ ಅಕ್ಕ. ಬರ್ಲಿಲ್ಲ ಅಂದ್ರೆ ಸ್ಟೆಲ್ಲಕ್ಕನ ತರ ನಂಗೂ ಉತ್ತರ ಸಿಕ್ದಂಗೆ." ಗೇಟಿನಲ್ಲಿ ಈ ವರ್ಷವೂ ಕೂರುವವಳು ನಾನೇ. ಈಗ ಇಲ್ಲಿ ಕೆಲಸ ಹಂಚುವವಳು ನೀನು, ಗೇಟಿಗೆ ಬೇರೆ ಯಾರನ್ನಾದರೂ ಹಾಕು. ನನ್ನನ್ನು ಹಾಕಬೇಡ.

ದೇವರು ನಿನ್ನನ್ನು ಇಲ್ಲಿಗೆ ಕರೆಯಲಿಲ್ಲ ಅಂತ ನಾನು ಹೇಳುತ್ತಿಲ್ಲ. ಅದು ನನಗೆ ತಿಳಿಯದು. ನಿನ್ನ ಈ ಹದಿಮೂರು ವರ್ಷ ಸುಳ್ಳು ಅಂತಲೂ ಅಲ್ಲ — ನೀನು ಎಷ್ಟು ಜನರ ಕಣ್ಣೀರು ಒರೆಸಿದ್ದೀಯ ಎಂದು ನೋಡಿದವಳು ನಾನು. ನನಗೆ ಖಚಿತವಾಗಿ ಗೊತ್ತಿರುವುದು ಒಂದೇ. ನಿನ್ನ ಬದುಕಿನ ಪ್ರಶ್ನೆ ಗೇಟಿನವರೆಗೆ ಬಂದಿತ್ತು, ಅದಕ್ಕೆ ನಾನು ಉತ್ತರ ಕೊಟ್ಟೆ.

ಕ್ಷಮಿಸು ಎಂದು ಬರೆದು ಹೊಡೆದು ಹಾಕಿದೆ. ಅದನ್ನು ಕೇಳಿದರೆ ಮತ್ತೆ ನಿನ್ನ ತಲೆಯನ್ನು ನಾನೇ ಆಡಿಸುವ ಕೆಲಸಕ್ಕೆ ಕೈ ಹಾಕಿದ ಹಾಗೆ.

ಈ ಕಾಗದವನ್ನು ನಾಳೆ ಸಂಜೆ, ಮೌನ ಶುರುವಾದ ಮೇಲೆ ನಿನ್ನ ಕೋಣೆಯಲ್ಲಿಟ್ಟು ಬರಬೇಕೆಂದಿದ್ದೆ. ನೋಡು, ಇನ್ನೂ ಎಂಥ ಕಿಲಾಡಿ ನಾನು. ಒಂದು ವಾರ ನೀನು ನನಗೆ ಏನೂ ಅನ್ನುವ ಹಾಗಿರುತ್ತಿರಲಿಲ್ಲ. ಅದಕ್ಕೇ ಈವತ್ತೇ, ಶನಿವಾರ ಮಧ್ಯಾಹ್ನವೇ, ನಿನ್ನ ಕೈಗೇ ಕೊಡುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ. ಮಾತಾಡು ಸ್ಟೆಲ್ಲಾ. ಏನು ಬೇಕಾದರೂ ಹೇಳು, ಬಾಯಿ ನಿನ್ನದು.