ಹೆಬ್ಬೆರಳಿಗೊಂದು ಕಾಲಂ

ಶೆಡ್ಡಿನ ಅಜ್ಜಿಯ ಬಲಗೈ ಹೆಬ್ಬೆರಳ ತುದಿ ಚಪ್ಪಟೆಯಾಗಿತ್ತು, ಉಗುರು ಒಂದು ಪಕ್ಕಕ್ಕೆ ಸವೆದಿತ್ತು. ಕೋಳಿಮರಿಯನ್ನು ಅಂಗೈಯಲ್ಲಿ ಹಿಡಿದು ಆ ಬೆರಳನ್ನು ಅದರ ಕೊರಳ ಬುಡಕ್ಕೆ ಮೆಲ್ಲಗೆ ಒತ್ತುತ್ತಿದ್ದರು. ತಿಂದದ್ದು ಮೊದಲು ಬಂದು ನಿಲ್ಲುವ ಪುಟ್ಟ ಚೀಲ ಇರುವುದು ಅಲ್ಲಿ. "ತಿಂದೈತೆ" ಎನ್ನುವರು, ಇಲ್ಲವೇ "ಖಾಲಿ" ಎಂದು ಮರಿಯನ್ನು ನನ್ನ ಕೈಗೆ ದಾಟಿಸುವರು.

ಹೆಬ್ಬಾಳದ ನಮ್ಮ ಪ್ರಯೋಗಾಲಯದ ಹಿಂದಿನ ಶೆಡ್ಡಿನಲ್ಲಿ ಮರಿ ನೋಡಿಕೊಳ್ಳುವ ಕೆಲಸ ಅವರದು. ಅಟ್ಟೂರಿನವರು. ಬೆಳಿಗ್ಗೆ ಬಂದವರೇ ಬಾಗಿಲಲ್ಲಿ ನಿಂತು ಒಂದು ಗಳಿಗೆ ಸದ್ದು ಕೇಳುವರು. ಕೂಗು ಜೋರಾಗಿದ್ದರೆ ಮರಿಗಳಿಗೆ ಚಳಿ ಎಂದು ಬಲ್ಬನ್ನು ಕೆಳಗಿಳಿಸುವರು. ಆಮೇಲೆ ನನ್ನ ಕಡೆ ತಿರುಗಿ, "ಏನ್ ಡಾಕ್ಟ್ರಮ್ಮಾ, ಇವತ್ತು ಯಾರ್‍ನ ಉಪ್ವಾಸ ಕೆಡವಿದ್ದೀಯಾ?" ಎನ್ನುವರು. ನಾನಿನ್ನೂ ಪಿಎಚ್‌.ಡಿ. ವಿದ್ಯಾರ್ಥಿನಿ, ಡಾಕ್ಟ್ರಮ್ಮ ಎಂಬುದು ಅವರ ಕೀಟಲೆ.

ಉಪವಾಸದ ಮಾತು ಮಾತ್ರ ನಿಜ. ಮೊಟ್ಟೆಯೊಡೆದು ಬಂದ ಮರಿ ಹೊಟ್ಟೆಯಲ್ಲಿ ಉಳಿದಿರುವ ಹಳದಿಯಿಂದಲೇ ಒಂದೆರಡು ದಿನ ಬದುಕಬಲ್ಲದು. ಆ ಹೊತ್ತಿಗೆ ಅದರ ಲಿವರ್‌ನಲ್ಲಿ ಕೊಬ್ಬು ತಯಾರಿಸುವ ಜೀನ್‌ಗಳು ಹೆಚ್ಚುಕಡಿಮೆ ಮಲಗಿರುತ್ತವೆ. ಅವನ್ನು ಎಬ್ಬಿಸುವುದು ಮೊದಲ ಊಟವೋ, ಬರೀ ಬೆಳವಣಿಗೆಯೋ? ಇದು ನನ್ನ ಪ್ರಶ್ನೆ. ಅರ್ಧ ಮರಿಗಳಿಗೆ ಆಹಾರ, ಉಳಿದರ್ಧಕ್ಕೆ ನೀರು ಮಾತ್ರ. ಯಾವುದು ಯಾವ ಗುಂಪಿನದೆಂದು ತಿಳಿಯಲು ಕಾಲಿಗೆ ಸಂಖ್ಯೆಯ ಪಟ್ಟಿ. ಎರಡನೆಯ ದಿನ ಲಿವರ್ ಪರೀಕ್ಷೆ.

ಒಂದು ಸಲ ಉಪವಾಸದ ಗುಂಪಿನ ಮರಿಯನ್ನು ಹಿಡಿದು ಅಜ್ಜಿ, "ಇದು ತಿಂದೈತೆ ಕಣಮ್ಮ" ಎಂದರು.

"ಆಗಲ್ಲ ಅಜ್ಜಿ. ಪಟ್ಟಿ ನೋಡಿ, ಉಪವಾಸದ್ದು."

"ಪಟ್ಟಿ ಕಾಲಲ್ಲೈತೆ. ನಾನು ಕೊರಳು ಮುಟ್ಟಿ ಯೋಳ್ತಿರೋದು."

ನಾನು ನಕ್ಕು, ಪಟ್ಟಿಯಲ್ಲಿದ್ದಂತೆಯೇ ಬರೆದುಕೊಂಡೆ. ವಾರಗಳ ನಂತರ ಫಲಿತಾಂಶ ಬಂತು. ಉಪವಾಸದ ಹಲವು ಮರಿಗಳಲ್ಲೂ ಜೀನ್‌ಗಳು ಎದ್ದು ಕುಳಿತಿದ್ದವು. ನಮ್ಮ ಗುಂಪಿನ ಸಭೆಯಲ್ಲಿ ಮಾರ್ಗದರ್ಶಕರು ಕಾರಣ ಕೇಳಿದರು. ಕಿಟಕಿಯ ಪಕ್ಕ ನಿಂತು ನಾನು ಹೇಳಿದ್ದು ಒಂದೇ ವಾಕ್ಯ: "ಅಜ್ಜಿಗೆ ಕನಿಕರ ಜಾಸ್ತಿ ಸರ್, ಅವರೇ ಕಾಳು ಹಾಕಿರಬಹುದು."

ಮರುದಿನದಿಂದ ಬರಬೇಡಿ ಎಂದು ಅವರು ಅಜ್ಜಿಗೆ ಹೇಳಿದರು. ಹೋಗುವಾಗ ಅಜ್ಜಿ ನನ್ನನ್ನು ಕೇಳಿದ್ದಿಷ್ಟೇ: "ನಾನ್ ಆಕಿದ್ದು ನೀನ್ ಕಂಡ್ಯಾ?"

ನಾನು ಕಂಡಿರಲಿಲ್ಲ.

ಪ್ರಯೋಗವನ್ನು ಮತ್ತೆ ಮಾಡಿದೆ. ಈ ಸಲ ಶೆಡ್ಡಿನ ಬೀಗದ ಕೈ ನನ್ನ ಹತ್ತಿರವೇ ಇತ್ತು. ಎರಡನೆಯ ದಿನ ಉಪವಾಸದ ಮರಿಯೊಂದರ ಕೊರಳಿಗೆ ಹೆಬ್ಬೆರಳು ಒತ್ತಿದೆ. ಮರಳಿನಂತೆ ಏನೋ ಸಿಕ್ಕಿತು. ಆ ಮರಿಯ ಲಿವರ್ ತೆಗೆಯುವಾಗ ಚೀಲವನ್ನೂ ಬಿಡಿಸಿ ನೋಡಿದೆ. ಅಕ್ಕಿಯ ನುಚ್ಚು. ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟನ್ನು ಜರಡಿ ಹಿಡಿದಾಗ ತಳದಲ್ಲಿ ಅದೇ ನುಚ್ಚು ಉದುರಿತು. ಎರಡೂ ಸಲ ಹಾಸಿದ್ದ ಹೊಟ್ಟಿನ ಆ ಲೋಡು ತರಿಸಿದ್ದು ನಾನೇ, ಹೊಸ ಗಿರಣಿಯಿಂದ. ಮರಿಗಳು ತಮ್ಮ ಹಾಸಿಗೆಯನ್ನೇ ಹೆಕ್ಕಿ ತಿಂದಿದ್ದವು. ಮೊದಲ ಸಲದ ಫಲಿತಾಂಶವನ್ನು ಹಾಗೇ ನಂಬಿದ್ದರೆ, ಜೀನ್‌ಗಳು ಊಟಕ್ಕೆ ಕಾಯುವುದಿಲ್ಲ ಎಂದು ಬರೆದುಬಿಡುತ್ತಿದ್ದೆ.

ಅಟ್ಟೂರಿಗೆ ಹೋದೆ. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು. ತಪ್ಪಾಯಿತು ಎಂದೆ. ಅವರು ತಲೆಯೆತ್ತಲಿಲ್ಲ.

"ಇಲ್ಲಿ ಯೋಳಿದ್ರೆ ಯಾರು ಕೇಳ್ತಾರೆ? ಎಲ್ಲಿ ಅಂದ್ಯೋ ಅಲ್ಲೇ ಅನ್ನು, ಅವರೆಲ್ಲರ ಮುಂದೆ. ಆಮೇಲೆ ಬರ್ತೀನಿ."

ಮುಂದಿನ ಸಭೆಯಲ್ಲಿ, ಅದೇ ಕಿಟಕಿಯ ಪಕ್ಕ ನಿಂತು ಹೇಳಿದೆ. ಹೊಟ್ಟು ತರಿಸಿದವಳು ನಾನು, ಅಜ್ಜಿ ಹೇಳಿದ್ದನ್ನು ಬರೆದುಕೊಳ್ಳದವಳೂ ನಾನು ಎಂದೆ. ಸಭೆಯ ದಿನವನ್ನು ಅಜ್ಜಿಗೆ ಮೊದಲೇ ತಿಳಿಸಿದ್ದೆ. ಅಜ್ಜಿ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು. ಮುಗಿದ ಮೇಲೆ ನೇರ ಶೆಡ್ಡಿಗೆ ನಡೆದು, ಸೆರಗು ಸಿಕ್ಕಿಸಿ, ಹೊಟ್ಟನ್ನೆಲ್ಲ ಗುಡಿಸಿ ಹಾಕಿದರು. "ಉಪ್ವಾಸದೋವ್ಕೆ ತಂತಿ ಬಲೆ ಆಕ್ಸು. ಕೈ ಕೊಡಿಲ್ಲಿ" ಎಂದು ನನ್ನ ಹೆಬ್ಬೆರಳನ್ನು ಹಿಡಿದು ಒಂದು ಮರಿಯ ಕೊರಳ ಮೇಲಿಟ್ಟರು. "ಇಂಗೆ. ಅಮುಕ್ಬೇಡ, ಕೇಳು."

ಬಲೆಯ ಮೇಲೆ ಮೂರನೆಯ ಸಲ ಮಾಡಿದೆವು. ನಿಜವಾಗಿ ಉಪವಾಸವಿದ್ದ ಮರಿಗಳಲ್ಲಿ ಆ ಜೀನ್‌ಗಳು ಏಳಲಿಲ್ಲ, ಊಟಕ್ಕೆ ಕಾದಿದ್ದವು.

ಅಜ್ಜಿ ಹೋದ ವರ್ಷ ತೀರಿಕೊಂಡರು. ಈಗ ನಾನೇ ವಿದ್ಯಾರ್ಥಿಗಳಿಗೆ ಈ ಕೆಲಸ ಕಲಿಸುತ್ತೇನೆ. ನಮ್ಮ ದಾಖಲೆ ಪುಸ್ತಕದಲ್ಲಿ ಪಟ್ಟಿಯ ಸಂಖ್ಯೆಗೂ ಮೊದಲು ಒಂದು ಕಾಲಂ ಇದೆ: ಕೊರಳು. ತಿಂದಿದೆ, ಖಾಲಿ, ಎರಡರಲ್ಲೊಂದನ್ನು ಕೈಯಿಂದ ಮುಟ್ಟಿ ಬರೆಯಬೇಕು. ಮುಟ್ಟದೆ ಬರೆದ ಸಾಲನ್ನು ನಾನು ಹೊಡೆದುಹಾಕುತ್ತೇನೆ.